ಐದು ಜನ ದುಡಿದ ಕೋಣೆ: 1/35 ಶರ್ಮನ್ ಮಾಡೆಲ್‌ನ ಒಳಭಾಗಕ್ಕೆ ಬಣ್ಣ ಹಾಕುವ ಬಗೆ

ಎರಡನೇ ಮಹಾಯುದ್ಧದ ಅಮೆರಿಕನ್ ಶರ್ಮನ್ ಟ್ಯಾಂಕಿನ ಒಳಗೆ ಐದು ಜನ ಇರುತ್ತಿದ್ದರು. ಮುಂದೆ ಎಡಕ್ಕೆ ಡ್ರೈವರ್, ಬಲಕ್ಕೆ ಅವನ ಸಹಾಯಕ. ಮೇಲೆ ಟರೆಟ್‌ನಲ್ಲಿ, ಅಂದರೆ ತಿರುಗುವ ಗೋಪುರದಲ್ಲಿ, ತೋಪಿನ ಬಲಕ್ಕೆ ಗುರಿಯಿಡುವ ಗನ್ನರ್, ಅವನ ಬೆನ್ನ ಹಿಂದೆ ಕಮಾಂಡರ್, ತೋಪಿನ ಎಡಕ್ಕೆ ಗುಂಡು ತುಂಬುವ ಲೋಡರ್. ಅದರ 1/35 ಅಳತೆಯ, ಅಂದರೆ ಮೂವತ್ತೈದು ಪಟ್ಟು ಚಿಕ್ಕ ಪ್ಲಾಸ್ಟಿಕ್ ಮಾಡೆಲ್ ಮುಂದೆ ಬ್ರಶ್ ಹಿಡಿದು ಕೂತಾಗ ನಾನು ಮೊದಲು ಈ ಐವರನ್ನು ನೆನೆಸಿಕೊಳ್ಳುತ್ತೇನೆ. ಟ್ಯಾಂಕಿನ ಒಳಗೆ ಬೀಳುವ ಪ್ರತಿ ಗೀರಿಗೂ ಇವರಲ್ಲೇ ಒಬ್ಬ ವಾರಸುದಾರ ಇರುತ್ತಾನೆ. ಈ ಗೀರು ಯಾರದು, ಯಾವ ಬೂಟಿನದು, ಯಾವ ಕೈಯದು ಎಂದು ಹೇಳಲು ಆಗದಿದ್ದರೆ ಅದನ್ನು ಹಾಕುವುದೇ ಬೇಡ.

ಹೊರಗಿನ ಮೈಗೆ ವೆದರಿಂಗ್, ಅಂದರೆ ಬಳಸಿ ಹಳೆಯದಾದ ಹಾಗೆ ಕಾಣಿಸುವಂತೆ ಮಾಡುವುದು ಹೆಚ್ಚಿನವರಿಗೆ ಗೊತ್ತಿರುತ್ತದೆ. ಕೆಸರು, ಮಳೆ ನೀರಿನ ಕಲೆ, ಬಿಸಿಲಿಗೆ ಮಾಸಿದ ಬಣ್ಣ, ತುಕ್ಕು. ಅದೇ ಅಭ್ಯಾಸ ಒಳಗೂ ಬಂದುಬಿಡುತ್ತದೆ. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ ಅನ್ನುತ್ತಾರಲ್ಲ, ಹಾಗೆ ಗೋಡೆ ತುಂಬ ತುಕ್ಕು ಇಳಿಸಿ, ಮೂಲೆ ಮೂಲೆಗೂ ಕಪ್ಪು ವಾಶ್, ಅಂದರೆ ನೀರಾಗಿಸಿದ ತೆಳು ಬಣ್ಣ, ಸುರಿದು, ಕೊನೆಗೆ ಸುಟ್ಟುಹೋದ ಟ್ಯಾಂಕಿನ ಹಾಗೆ ಕಾಣುತ್ತದೆ. ಒಳಗೆ ಬಣ್ಣ ಮಾಸುವುದು ಬೂಟಿನಿಂದ, ಬೆವರಿನ ಕೈಯಿಂದ, ಗ್ರೀಸ್‌ನಿಂದ, ತೋಪಿನ ಗುಂಡು ಅಂದರೆ ಶೆಲ್ ತಗುಲಿ. ಒಳಗಿನ ಲೆಕ್ಕವೇ ಬೇರೆ.

ಈ ಬರಹಕ್ಕೆ ನಾನು ಆರಿಸಿಕೊಂಡಿದ್ದು ಎಂ4ಎ3ಇ8, ಅಮೆರಿಕನ್ನರು 'ಈಸಿ ಎಯ್ಟ್' ಎಂದು ಕರೆದ ಶರ್ಮನ್. 1944ರ ಡಿಸೆಂಬರ್‌ನಲ್ಲಿ ಯುರೋಪಿನ ಯುದ್ಧಕ್ಕೆ ಬಂತು, 1950ರಿಂದ ಕೊರಿಯಾದಲ್ಲೂ ಹೋರಾಡಿತು. 76 ಮಿ.ಮೀ. ತೋಪು, ಫೋರ್ಡ್ ಜಿಎಎ ವಿ8 ಇಂಜಿನ್, ಒಟ್ಟು 71 ಶೆಲ್‌ಗಳಿಗೆ ಜಾಗ. ರೈ ಫೀಲ್ಡ್ ಮಾಡೆಲ್ ಕಂಪನಿಯ 1/35 ಕಿಟ್‌ನಲ್ಲಿ ಒಳಭಾಗ ಪೂರ್ತಿ ಸಿಗುತ್ತದೆ. ಶರ್ಮನ್‌ಗಳ ಜೊತೆ ನಮ್ಮ ಸೈನ್ಯಕ್ಕೂ ಹಳೆಯ ನಂಟಿದೆ. 1945ರಲ್ಲಿ ಬರ್ಮಾದ ಮೇಕ್ಟಿಲಾ ಕಡೆ ನುಗ್ಗಿದ ಪ್ರೋಬಿನ್ಸ್ ಹಾರ್ಸ್, ಡೆಕ್ಕನ್ ಹಾರ್ಸ್ ರೆಜಿಮೆಂಟುಗಳು ಓಡಿಸಿದ್ದು ಶರ್ಮನ್. 1965ರ ಸೆಪ್ಟೆಂಬರ್‌ನಲ್ಲಿ ಪಂಜಾಬಿನ ಅಸಲ್ ಉತ್ತರ್‌ನಲ್ಲಿ ಪಾಕಿಸ್ತಾನದ ಪ್ಯಾಟನ್ ಟ್ಯಾಂಕ್‌ಗಳಿಗೆ ಎದುರು ನಿಂತ ಡೆಕ್ಕನ್ ಹಾರ್ಸ್ ಹತ್ತಿರ ಇದ್ದದ್ದೂ ಶರ್ಮನ್ನೇ. ಅವು ಬೇರೆ ಬೇರೆ ಮಾದರಿಯವು. ಆದರೂ ಒಳಗೆ ಬಣ್ಣ ಹಾಕುವ ಕ್ರಮ ಒಂದೇ.

ಮೊದಲ ಪಾಠ ಬಸ್ಸಿನಲ್ಲಿ

ಕಿಟ್ ತೆರೆಯುವ ಮುಂಚೆ ಒಂದು ಸಲ ಹಳೆಯ ಸಾರಿಗೆ ಬಸ್ಸು ಹತ್ತಿ, ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತು ನೋಡಿ. ತಮಾಷೆಗೆ ಹೇಳುತ್ತಿಲ್ಲ. ನನಗೆ ಒಳಭಾಗದ ವೆದರಿಂಗ್ ಅರ್ಥವಾಗಿದ್ದೇ ಅಲ್ಲಿ.

ಬಾಗಿಲ ಪಕ್ಕದ ಕಂಬಿ ನೋಡಿ. ಜನ ಹಿಡಿದು ಹತ್ತುವ ಎತ್ತರದಲ್ಲಿ ಮಾತ್ರ ಬಣ್ಣ ಹೋಗಿ ಕಬ್ಬಿಣ ಫಳಫಳ ಹೊಳೆಯುತ್ತದೆ. ಅದರ ಒಂದು ಮೊಳ ಮೇಲೆ ಬಣ್ಣ ಹೊಸದರ ಹಾಗೇ ಇದೆ. ಮೆಟ್ಟಿಲಿನ ಅಂಚು ಬೆಳ್ಳಗೆ ಸವೆದಿದೆ, ಮೆಟ್ಟಿಲಿನ ಒಳಮೂಲೆಯಲ್ಲಿ ಕಪ್ಪು ಮಣ್ಣು ಕೂತಿದೆ. ಕ್ಲಚ್ ಪೆಡಲ್‌ನ ನಡುಭಾಗ ಕನ್ನಡಿ, ಸುತ್ತ ಗ್ರೀಸ್ ಮೆತ್ತಿದ ಧೂಳು. ಡ್ರೈವರ್‌ನ ಎಡಗಾಲು ವಿಶ್ರಾಂತಿಗೆ ಒರಗುವ ಕಡೆ ಅರ್ಧಚಂದ್ರದ ಹಾಗೆ ಒಂದು ಸವೆತ. ಮೇಲಿನ ತಗಡಿನಲ್ಲಿ ಏನೂ ಇಲ್ಲ, ಸ್ವಲ್ಪ ಹಳದಿಗೆ ತಿರುಗಿದೆ ಅಷ್ಟೆ.

ಈಗ ಅದೇ ಕಣ್ಣಲ್ಲಿ ಟ್ಯಾಂಕ್ ನೋಡಿ. ಕಂಬಿಯ ಜಾಗದಲ್ಲಿ ಹ್ಯಾಚ್‌ನ, ಅಂದರೆ ಒಳಗಿಳಿಯುವ ಮೇಲಿನ ಬಾಗಿಲಿನ, ಅಂಚು, ಮೆಟ್ಟಿಲಿನ ಜಾಗದಲ್ಲಿ ಸೀಟು. ಹೌದು, ಸೀಟೇ. ಹ್ಯಾಚ್‌ನಿಂದ ಇಳಿಯುವವನು ಮೊದಲು ಕಾಲಿಡುವುದು ಸೀಟಿನ ಮೇಲೆ. ಹಾಗಾಗಿ ಸೀಟಿನ ನಡುವೆ ಮಣ್ಣಿನ ಗುರುತು ಬೇಕು, ಸೀಟಿನ ಕಬ್ಬಿಣದ ಚೌಕಟ್ಟಿನಲ್ಲಿ ಬಣ್ಣ ಎದ್ದಿರಬೇಕು.

ಟಾರ್ಚ್ ಹಿಡಿದು ನೋಡಿ

ಗೋಂದು ಮುಟ್ಟದೆ ಹಲ್ (ಟ್ಯಾಂಕಿನ ಕೆಳಮೈ), ಮೇಲ್ಚಾವಣಿ, ಟರೆಟ್ ಎಲ್ಲವನ್ನೂ ಮಾಸ್ಕಿಂಗ್ ಟೇಪಿನಿಂದ ಜೋಡಿಸಿ. ಹ್ಯಾಚ್‌ಗಳು ತೆರೆದೇ ಇರಲಿ. ಮೊಬೈಲ್ ಟಾರ್ಚ್ ಬಿಟ್ಟು ಎಲ್ಲ ಕೋನದಿಂದಲೂ ನೋಡಿ. ಕಂಡದ್ದನ್ನು ಕಿಟ್‌ನ ಸೂಚನಾ ಪುಸ್ತಕದಲ್ಲೇ ಪೆನ್ಸಿಲ್‌ನಿಂದ ಗುರುತು ಮಾಡಿ. ಡ್ರೈವರ್ ಹ್ಯಾಚ್‌ನಿಂದ ಸೀಟು, ಎರಡು ಸ್ಟೀರಿಂಗ್ ಲಿವರ್, ಗೇರ್‌ಬಾಕ್ಸ್‌ನ ಬೆನ್ನು ಕಾಣುತ್ತದೆ. ಟರೆಟ್ ಹ್ಯಾಚ್‌ಗಳಿಂದ ತೋಪಿನ ಹಿಂಭಾಗ, ರೇಡಿಯೋದ ಮುಖ, ಕೆಳಗೆ ಒಂದಿಷ್ಟು ನೆಲ ಕಾಣುತ್ತದೆ. ನೆಲದಡಿಯ ಶೆಲ್ ರ‍್ಯಾಕುಗಳು ಮುಚ್ಚಳ ತೆಗೆದರೆ ಮಾತ್ರ ಕಂಡಾವು.

ಮಾಡೆಲ್ ಮುಚ್ಚಿಯೇ ಇಡುವುದಾದರೆ ನಿಮ್ಮ ಶಕ್ತಿಯೆಲ್ಲ ಈ ಕಾಣುವ ಜಾಗಗಳಿಗೆ ಹೋಗಲಿ. ನಾನಂತೂ ಚಾವಣಿ ಅಂಟಿಸುವುದೇ ಇಲ್ಲ. ಎತ್ತಿ ತೋರಿಸುವ ಹಾಗೆ ಬಿಡುತ್ತೇನೆ. ಇಷ್ಟು ತಿಂಗಳು ಕೂತು ಮಾಡಿದ್ದನ್ನು ಮನೆಗೆ ಬಂದವರು ನೋಡಬೇಕಲ್ವಾ.

ತುಂಡುಗಳನ್ನು ಗುಂಪು ಮಾಡುವುದು

ಎಲ್ಲ ಅಂಟಿಸಿ ಆಮೇಲೆ ಬಣ್ಣ ಹಾಕಲು ಹೋದರೆ ಬ್ರಶ್ ಒಳಗೆ ತೂರುವುದಿಲ್ಲ. ಗೋಡೆಗಳು, ನೆಲ, ಬೆಂಕಿಗೋಡೆ ಅಂದರೆ ಇಂಜಿನ್ ಕೋಣೆಯನ್ನು ಬೇರೆ ಮಾಡುವ ಅಡ್ಡಗೋಡೆ, ಇವಿಷ್ಟು ಬಿಳಿ ಬಣ್ಣದ ಗುಂಪು. ಸೀಟುಗಳು, ರೇಡಿಯೋ, ಶೆಲ್‌ಗಳು, ಗೇಜ್ ಫಲಕ, ಬಂದೂಕುಗಳು ಬೇರೆ ಬೇರೆ. ಇವನ್ನು ಟೂತ್‌ಪಿಕ್ ತುದಿಗೆ ಚೂರು ಗೋಂದು ಹಾಕಿ ಸಿಕ್ಕಿಸಿ, ಥರ್ಮೋಕೋಲ್ ತುಂಡಿಗೆ ಚುಚ್ಚಿ ನಿಲ್ಲಿಸಿ. ಮುಂದೆ ಅಂಟು ಬೀಳಬೇಕಾದ ಜಾಗಗಳಿಗೆ ಈಗಲೇ ಟೇಪ್ ಹಚ್ಚಿ. ಬಣ್ಣದ ಮೇಲೆ ಪ್ಲಾಸ್ಟಿಕ್ ಗೋಂದು ಹಿಡಿಯುವುದಿಲ್ಲ.

ಗೋಡೆಗಳ ಮೇಲೆ ಗುಂಡಗಿನ ತಗ್ಗುಗಳಿರುತ್ತವೆ. ಅಚ್ಚಿನಿಂದ ಪ್ಲಾಸ್ಟಿಕ್ ಹೊರಗೆ ನೂಕಿದ ಪಿನ್ನುಗಳ ಗುರುತು ಅವು. ಹೊರಮೈಯಲ್ಲಾದರೆ ಕೆಸರಿನಡಿ ಮುಚ್ಚಿ ಹೋಗುತ್ತಿತ್ತು. ಹೊಳಪು ಬಿಳಿಯ ಮೇಲೆ ಅವು ಸಿಡುಬಿನ ಕಲೆ ಇದ್ದ ಹಾಗೆ ಎದ್ದು ಕಾಣುತ್ತವೆ. ಪುಟ್ಟಿ ತುಂಬಿ, ಒಣಗಿದ ಮೇಲೆ 600, ಆಮೇಲೆ 1000 ನಂಬರಿನ ಎಮರಿ ಹಾಳೆಯಲ್ಲಿ ನೀರು ಮುಟ್ಟಿಸಿ ಉಜ್ಜಿ. ಬೇಜಾರಿನ ಕೆಲಸ, ತಪ್ಪಿಸಿಕೊಳ್ಳಲು ಆಗದ ಕೆಲಸ.

ಕೊನೆಗೆ ಒಂದು ಹನಿ ಪಾತ್ರೆ ಸೋಪು ಹಾಕಿದ ನೀರಿನಲ್ಲಿ ತೊಳೆದು ಒಣಗಿಸಿ. ಕೈ ಜಿಡ್ಡು ಇದ್ದ ಕಡೆ ಬಣ್ಣ ಕೂರುವುದಿಲ್ಲ.

ಬಿಳಿ ಬಣ್ಣ

ಬಿಳಿಯೇ ಯಾಕೆ? ಕಿಟಕಿ ಇಲ್ಲದ ಕಬ್ಬಿಣದ ಡಬ್ಬದೊಳಗೆ ಸಣ್ಣ ಬಲ್ಬುಗಳ ಬೆಳಕು ಸಾಲಬೇಕು. ಅದಕ್ಕೆ ಗೋಡೆ ಬೆಳಕನ್ನು ತಿರುಗಿಸಿ ಕೊಡಬೇಕು. ಅದಕ್ಕೇ ಅಮೆರಿಕನ್ ಟ್ಯಾಂಕಿನ ಒಳಗೆ ಹೊಳಪಿನ ಬಿಳಿ. ಆದರೆ ಹ್ಯಾಚ್ ಬಾಗಿಲುಗಳ ಒಳಮೈ ಮಾತ್ರ ಆಲಿವ್ ಡ್ರ್ಯಾಬ್ ಎಂಬ ಮಾಸಲು ಹಸಿರು, ಹೊರಗಿನ ಬಣ್ಣವೇ. ಬಾಗಿಲು ತೆರೆದಾಗ ಬಿಳಿ ಫಳಾರನೆ ಹೊಳೆದರೆ ದೂರದ ಶತ್ರುವಿಗೆ ಗುರಿ ತೋರಿಸಿದ ಹಾಗೆ. ಕಿಟ್ ಮಾಡುವವರು ಜಾಸ್ತಿ ಮರೆಯುವುದು ಇದನ್ನೇ.

ಮೊದಲು ಬೂದು ಪ್ರೈಮರ್, ಅಂದರೆ ತಳಬಣ್ಣ. ಬಿಳಿ ಪ್ರೈಮರ್ ಬೇಡ. ಬೂದು ಇದ್ದರೆ ಬಿಳಿ ಎಲ್ಲಿ ಬಿತ್ತು, ಎಲ್ಲಿ ಬೀಳಲಿಲ್ಲ ಎಂದು ಕಾಣುತ್ತದೆ. ಇನ್ನೊಂದು ಲಾಭವೂ ಇದೆ, ಅದಕ್ಕೆ ಈಗ ಬರುತ್ತೇನೆ.

ಸೀಸೆಯಿಂದ ತೆಗೆದ ಬಿಳಿಯನ್ನು ಹಾಗೇ ಹಾಕಿದರೆ ಬಾತ್‌ರೂಮ್ ಟೈಲ್ಸ್ ಥರ ಕಾಣುತ್ತದೆ. ಅಷ್ಟು ಚಿಕ್ಕ ಗಾತ್ರಕ್ಕೆ ಅಚ್ಚ ಬಿಳಿ ಒಗ್ಗುವುದಿಲ್ಲ. ನನ್ನ ಮಿಶ್ರಣ ಇದು: ಟಮಿಯಾ ಕಂಪನಿಯ ಎಕ್ಸ್-2 ಹೊಳಪು ಬಿಳಿ ಹತ್ತು ಹನಿ, ಎಕ್ಸ್‌ಎಫ್-2 ಮ್ಯಾಟ್ ಬಿಳಿ ಹತ್ತು ಹನಿ, ಎಕ್ಸ್‌ಎಫ್-57 ಬಫ್ ಒಂದು ಹನಿ. ಮಜ್ಜಿಗೆಗೆ ಒಂದು ಚಮಚ ಕಾಫಿ ಬಿದ್ದರೆ ಎಷ್ಟು ಬದಲಾಗುತ್ತದೋ ಅಷ್ಟು ಸಾಕು. ಹೊಳಪು, ಮ್ಯಾಟ್ ಎರಡೂ ಸೇರಿ ಮೊಟ್ಟೆ ಚಿಪ್ಪಿನ ಮೇಲಿನಂಥ ಮಂದ ಹೊಳಪು ಬರುತ್ತದೆ. ತಿಂಗಳುಗಟ್ಟಲೆ ಬಳಸಿದ ಗೋಡೆಗೆ ಅದು ಸರಿ.

ಇದಕ್ಕೆ ಅಷ್ಟೇ ಪ್ರಮಾಣದ ಲ್ಯಾಕರ್ ಥಿನ್ನರ್ ಸೇರಿಸಿ. ಗಾಳಿಯಿಂದ ಬಣ್ಣ ಸಿಂಪಡಿಸುವ ಏರ್‌ಬ್ರಶ್‌ನಲ್ಲಿ ಒತ್ತಡ 15 ಪಿಎಸ್‌ಐ ಆಸುಪಾಸು, ನಾಲ್ಕೈದು ಬೆರಳು ದೂರ. ಮೊದಲ ಕೋಟ್ ಬರೀ ಮಂಜು ಬಿದ್ದ ಹಾಗೆ ಇರಲಿ. ಕಾಲು ಗಂಟೆ ಬಿಟ್ಟು ಎರಡನೆಯದು. ಹೀಗೆ ಮೂರು ನಾಲ್ಕು. ಒಂದೇ ಸಲಕ್ಕೆ ಮುಚ್ಚಲು ಹೋದರೆ ಬೋಲ್ಟ್‌ಗಳ ಸುತ್ತ ಬಣ್ಣ ಕೆನೆ ಕಟ್ಟುತ್ತದೆ.

ಬೂದು ಪ್ರೈಮರ್‌ನ ಎರಡನೇ ಲಾಭ ಈಗ. ಪ್ರತಿ ಫಲಕದ ನಡುಭಾಗಕ್ಕೆ ಪೂರ್ತಿ ಬಿಳಿ ಕೊಡಿ. ಮೂಲೆಗಳಲ್ಲಿ, ಪೈಪುಗಳ ಕೆಳಗೆ, ಪೆಟ್ಟಿಗೆಗಳ ಹಿಂದೆ ಒಂದು ಕೋಟ್ ಕಮ್ಮಿ ಮಾಡಿ. ಕೆಳಗಿನ ಬೂದು ತೆಳುವಾಗಿ ಇಣುಕುತ್ತದೆ. ನೆರಳನ್ನು ಬೇರೆ ಬಣ್ಣದಿಂದ ಬರೆಯುವ ಕೆಲಸ ಅರ್ಧ ತಪ್ಪಿತು.

ನೆಲಕ್ಕೆ ಮಾತ್ರ ಬೇರೆ ದಾರಿ. ಬಿಳಿಗೆ ಮುಂಚೆ ನೆಲದ ಉಬ್ಬು ತಗಡಿಗೆ ಗಾಢ ಉಕ್ಕಿನ ಬಣ್ಣ ಹಾಕಿ, ಚೆನ್ನಾಗಿ ಒಣಗಿಸಿ. ಅದರ ಮೇಲೆ, ಮೇಲಿನ ಬಿಳಿ ಆಮೇಲೆ ಸುಲಭವಾಗಿ ಏಳಲು, ಚಿಪ್ಪಿಂಗ್ ದ್ರವ, ಇಲ್ಲವೇ ಸಾಮಾನ್ಯ ಹೇರ್‌ಸ್ಪ್ರೇ ಎರಡು ತೆಳು ಕೋಟ್. ಆಮೇಲೆ ಬಿಳಿ. ಇಲ್ಲಿ ಬಿಳಿಯನ್ನು ಲ್ಯಾಕರ್ ಥಿನ್ನರ್ ಬದಲು ನೀರಿನಲ್ಲಿ ಅಥವಾ ಅಕ್ರಿಲಿಕ್ ಥಿನ್ನರ್‌ನಲ್ಲಿ ತೆಳು ಮಾಡಿ. ಇಲ್ಲದಿದ್ದರೆ ಬಣ್ಣ ಗಟ್ಟಿ ಕಚ್ಚಿ ಏಳುವುದಿಲ್ಲ. ಅರ್ಧ ಗಂಟೆಯೊಳಗೆ ಬ್ರಶ್‌ನಿಂದ ನೀರು ಸವರಿ, ಒಂದು ನಿಮಿಷ ಬಿಟ್ಟು ಗಿಡ್ಡ ಕೂದಲಿನ ಬ್ರಶ್‌ನಿಂದ ಮೆಲ್ಲಗೆ ಉಜ್ಜಿ. ಉಬ್ಬುಗಳ ತಲೆಯ ಮೇಲಿನ ಬಿಳಿ ತಾನಾಗೇ ಎದ್ದು ಬರುತ್ತದೆ. ಬಸ್ಸಿನ ಮೆಟ್ಟಿಲಿನಲ್ಲಿ ಆಗಿದ್ದೂ ಇದೇ.

ಏರ್‌ಬ್ರಶ್ ಇಲ್ಲದವರು ಚಪ್ಪಟೆ ಮೆತ್ತನೆಯ ಬ್ರಶ್‌ನಲ್ಲಿ, ನೀರಿನಲ್ಲಿ ಹಾಲಿನಷ್ಟು ತೆಳು ಮಾಡಿದ ವಲೆಹೋ ಕಂಪನಿಯ ಅಕ್ರಿಲಿಕ್ ಬಿಳಿಯನ್ನು ಐದಾರು ಕೋಟ್ ಹಾಕಿ. ಹೊತ್ತು ಹಿಡಿಯುತ್ತದೆ, ಆದರೆ ಚೆನ್ನಾಗಿಯೇ ಬರುತ್ತದೆ.

ಮಳೆಗಾಲದ ಬಗ್ಗೆ ಒಂದು ಮಾತು. ಮಂಗಳೂರು, ಕಾರವಾರದ ಕಡೆಯವರಿಗೆ ಇದು ಜಾಸ್ತಿ ಬೇಕು. ಗಾಳಿಯಲ್ಲಿ ತೇವ ತುಂಬಿದ್ದಾಗ ಲ್ಯಾಕರ್ ಹೊಡೆದರೆ ಮೇಲ್ಮೈ ಮಂಕಾಗಿ ಬೂಷ್ಟು ಹಿಡಿದ ಹಾಗೆ ಆಗುತ್ತದೆ. ಬಿಳಿಯ ಮೇಲೆ ಅದು ತಕ್ಷಣ ಕಣ್ಣಿಗೆ ಬೀಳುವುದಿಲ್ಲ, ಹ್ಯಾಚ್‌ನ ಹಸಿರಿನ ಮೇಲೆ ಬೀಳುತ್ತದೆ. ಮಳೆ ಬಿಟ್ಟ ಮಧ್ಯಾಹ್ನಕ್ಕೆ ಕಾಯಿರಿ, ಇಲ್ಲವೇ ನಿಧಾನ ಒಣಗುವ ಲೆವೆಲಿಂಗ್ ಥಿನ್ನರ್ ಬಳಸಿ. ಫ್ಯಾನ್ ಆಫ್ ಮಾಡಿ, ಒಣಗಲು ಇಟ್ಟ ತುಂಡುಗಳ ಮೇಲೆ ಸಿಹಿ ಅಂಗಡಿಯ ಪ್ಲಾಸ್ಟಿಕ್ ಡಬ್ಬ ಬೋರಲು ಹಾಕಿ. ಬಿಳಿಯ ಮೇಲೆ ಒಂದು ಕೂದಲು ಕೂತರೂ ಮತ್ತೆ ಉಜ್ಜಬೇಕು.

ಥಿನ್ನರ್ ಆವಿಯನ್ನು ಎನ್95 ಮಾಸ್ಕ್ ತಡೆಯುವುದಿಲ್ಲ, ಅದು ಧೂಳಿಗೆ ಮಾತ್ರ. ಆವಿ ಹೀರುವ ಕಾರ್ಟ್ರಿಜ್ ಇರುವ ಮಾಸ್ಕೇ ಬೇಕು. ಕಿಟಕಿ ತೆರೆದಿರಲಿ. ಪಕ್ಕದಲ್ಲಿ ಗ್ಯಾಸ್ ಒಲೆ, ದೇವರ ದೀಪ ಉರಿಯುತ್ತಿದ್ದರೆ ಸ್ಪ್ರೇ ಬೇಡವೇ ಬೇಡ.

ಬಿಳಿ ಪೂರ್ತಿ ಗಟ್ಟಿಯಾಗಲು ಒಂದು ದಿನ ಬಿಡಿ.

ಸಣ್ಣ ವಸ್ತುಗಳು

ಬಿಳಿ ಕೋಣೆಗೆ ಜೀವ ಬರುವುದು ಅದರಲ್ಲಿ ಇಟ್ಟ ಬಣ್ಣದ ವಸ್ತುಗಳಿಂದ. ಟರೆಟ್‌ನ ಹಿಂಭಾಗದಲ್ಲಿ ಎಸ್‌ಸಿಆರ್-528 ರೇಡಿಯೋ ಇರುತ್ತದೆ. ಪೆಟ್ಟಿಗೆಗಳು ಆಲಿವ್ ಡ್ರ್ಯಾಬ್. ಒಣಗಿದ ಮೇಲೆ ಸ್ವಲ್ಪ ತಿಳಿ ಹಸಿರನ್ನು ಬ್ರಶ್‌ಗೆ ತೆಗೆದುಕೊಂಡು, ಕಾಗದದ ಮೇಲೆ ಬಹುಪಾಲು ಒರೆಸಿ, ಅಂಚುಗಳ ಮೇಲೆ ಸುಮ್ನೆ ಸವರಿ. ಗುಂಡಿಗಳು, ಸ್ಕ್ರೂಗಳು ಎದ್ದು ನಿಲ್ಲುತ್ತವೆ. ಹಳೆಯ ಇಯರ್‌ಫೋನ್ ವೈರ್ ಸೀಳಿದರೆ ಒಳಗೆ ಕೂದಲಿನಷ್ಟು ತೆಳು ತಾಮ್ರದ ಎಳೆ ಸಿಗುತ್ತದೆ. ರೇಡಿಯೋದಿಂದ ಸಿಬ್ಬಂದಿಯ ಸ್ವಿಚ್ ಡಬ್ಬಿಗಳಿಗೆ ಹೋಗುವ ಕೇಬಲ್‌ಗೆ ಅದನ್ನೇ ಬಳಸಿ, ಕಪ್ಪು ಹಚ್ಚಿ. ಕಿಟ್‌ನಲ್ಲಿ ಕೊಡದ ಈ ವೈರ್‌ಗಳು ಒಳಭಾಗದ ನೋಟವನ್ನೇ ಬದಲಿಸುತ್ತವೆ.

ಗೇಜ್ ಫಲಕಕ್ಕೆ ಕಪ್ಪು ಹಚ್ಚಿ ಡೆಕಾಲ್ (ನೀರಿನಲ್ಲಿ ನೆನೆಸಿ ಅಂಟಿಸುವ ಚಿತ್ರ) ಕೂರಿಸಿ. ಆಮೇಲೆ ಪ್ರತಿ ಗೇಜ್‌ನ ಬಟ್ಟಲಿಗೆ ಟೂತ್‌ಪಿಕ್ ತುದಿಯಿಂದ ಒಂದೊಂದು ಹನಿ ಹೊಳಪು ವಾರ್ನಿಶ್ ಬಿಡಿ. ಹನಿ ತಾನೇ ಹರಡಿ ಗಾಜಾಗುತ್ತದೆ. ಮಲಗಿಸಿಯೇ ಒಣಗಿಸಿ.

ಶೆಲ್‌ಗಳ ಬಣ್ಣದಲ್ಲಿ ಮನಸ್ಸಿಗೆ ಬಂದ ಹಾಗೆ ಹೋಗಬೇಡಿ, ಅದೊಂದು ಭಾಷೆ. ಕವಚ ಭೇದಿಸುವ ಎಂ62 ಶೆಲ್‌ನ ತಲೆ ಕಪ್ಪು, ಅಕ್ಷರ ಬಿಳಿ. ಸಿಡಿಯುವ ಎಂ42 ಶೆಲ್ ಆಲಿವ್ ಡ್ರ್ಯಾಬ್, ಅಕ್ಷರ ಹಳದಿ. ಕತ್ತಲಲ್ಲಿ, ಅವಸರದಲ್ಲಿ ಲೋಡರ್ ಕೈ ಹಾಕಿದ ಕೂಡಲೇ ಯಾವುದು ಎಂದು ತಿಳಿಯಬೇಕಿತ್ತು. ಕೆಳಗಿನ ಕೊಳವೆ ಹಿತ್ತಾಳೆ. ಹಿತ್ತಾಳೆ ಬಣ್ಣವನ್ನು ಹೊಳಪು ಕಪ್ಪಿನ ಮೇಲೆ ಹಾಕಿದರೆ ನಿಜವಾದ ಲೋಹದ ಕಳೆ ಬರುತ್ತದೆ. ಅದರ ಮೇಲೆ ತೆಳು ಕಂದು ವಾಶ್ ಒಂದು ಸಲ. ಹುಣಸೆಹಣ್ಣು ಹಾಕಿ ಉಜ್ಜಿದ ದೇವರ ಪಾತ್ರೆಯ ಹೊಳಪು ಇಲ್ಲಿ ಬೇಡ, ಅಟ್ಟದ ಮೇಲೆ ವರ್ಷದಿಂದ ಇಟ್ಟ ಹಂಡೆಯ ಬಣ್ಣ ಬೇಕು. ಎಲ್ಲ 71ಕ್ಕೂ ಒಂದೇ ಬಣ್ಣ ಬೇಡ. ನಾಲ್ಕೈದಕ್ಕೆ ಸ್ವಲ್ಪ ಕೆಂಪು ಜಾಸ್ತಿ, ಕೆಲವಕ್ಕೆ ಸ್ವಲ್ಪ ಕಪ್ಪು.

ಇಂಜಿನ್ ಬಗ್ಗೆ ಚಿಕ್ಕದಾಗಿ. ಫೋರ್ಡ್ ಜಿಎಎ 18 ಲೀಟರಿನ ವಿ8, ಮೈ ಅಲ್ಯೂಮಿನಿಯಂ. ಹಾಗಾಗಿ ಬ್ಲಾಕ್ ಮೇಲೆ ತುಕ್ಕು ಬರೆಯಬೇಡಿ. ಹೊಗೆ ಪೈಪುಗಳು ಮಾತ್ರ ಬಿಸಿಗೆ ಕಂದಿ ತುಕ್ಕಾಗಲಿ. ಉಳಿದದ್ದಕ್ಕೆ ಎಣ್ಣೆ, ಧೂಳು ಸಾಕು.

ವಾಶ್: ಇಲ್ಲೇ ಹೆಚ್ಚು ಮಾಡೆಲ್ ಹಾಳಾಗುವುದು

ಬಿಳಿಯ ಮೇಲೆ ಕಪ್ಪು ವಾಶ್ ಹಾಕಬೇಡಿ. ಗೆರೆ ಎಳೆದ ಚಿತ್ರದ ಹಾಗೆ ಆಗುತ್ತದೆ. ಕ್ಯಾಮೆಲ್ ಆರ್ಟಿಸ್ಟ್ ಆಯಿಲ್ ಟ್ಯೂಬ್‌ಗಳಲ್ಲಿ ಬರ್ನ್ಟ್ ಅಂಬರ್ ತೆಗೆದುಕೊಳ್ಳಿ. ಜೊತೆಗೆ ಸ್ವಲ್ಪ ಬಿಳಿ, ಅದಕ್ಕಿಂತ ಕಮ್ಮಿ ಕಪ್ಪು. ಬೂದು ಮಿಶ್ರಿತ ಕಂದು ಬರಬೇಕು. ಇದನ್ನು ಬಿಸ್ಕತ್ತು ಡಬ್ಬದ ರಟ್ಟಿನ ಮೇಲೆ ಹಚ್ಚಿ ಒಂದೆರಡು ಗಂಟೆ ಬಿಡಿ. ಬಣ್ಣದಲ್ಲಿರುವ ಅಗಸೆ ಎಣ್ಣೆಯನ್ನು ರಟ್ಟು ಹೀರಿಕೊಳ್ಳುತ್ತದೆ. ಆಮೇಲೆ ಬೇಗ ಒಣಗುತ್ತದೆ, ಜಿಡ್ಡು ಹೊಳಪೂ ಉಳಿಯುವುದಿಲ್ಲ. ವಾಸನೆ ಕಮ್ಮಿ ಇರುವ ವೈಟ್ ಸ್ಪಿರಿಟ್‌ನಲ್ಲಿ ತೆಳು ಮಾಡಿ.

ಗೋಡೆಗೆಲ್ಲ ಬಳಿಯುವುದು ಬೇಡ. ಸಣ್ಣ ಬ್ರಶ್ ತುದಿಯನ್ನು ಬೋಲ್ಟ್ ಬುಡಕ್ಕೆ, ಫಲಕದ ಸಂದಿಗೆ ಮುಟ್ಟಿಸಿ ಬಿಡಿ. ಬಣ್ಣ ತಾನೇ ಸಂದಿ ಹಿಡಿದು ಓಡುತ್ತದೆ. ಇಪ್ಪತ್ತು ನಿಮಿಷದ ನಂತರ ಇನ್ನೊಂದು ಬ್ರಶ್‌ಗೆ ಸ್ಪಿರಿಟ್ ಮುಟ್ಟಿಸಿ, ಬಟ್ಟೆಗೆ ಒರೆಸಿ, ಆ ತೇವದಲ್ಲೇ ಹೆಚ್ಚಾದದ್ದನ್ನು ಮೇಲಿನಿಂದ ಕೆಳಕ್ಕೆ ತೆಗೆಯಿರಿ.

ಮೊದಲ ಸಲ ಒಳಭಾಗ ಮಾಡಿದಾಗ ನಾನು ವಾಶನ್ನು ಧಾರಾಳವಾಗಿ ಸುರಿದೆ. ನೆಲದ ತಗ್ಗಿನಲ್ಲಿ ಅದು ಕೆರೆಯ ಹಾಗೆ ನಿಂತಿತು. ಇರಲಿ, ಒಣಗುತ್ತದೆ ಎಂದು ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ ಡ್ರೈವರ್ ಸೀಟಿನ ಎರಡು ಕಾಲೂ ಬುಡದಲ್ಲಿ ಮುರಿದು ಸೀಟು ಪಕ್ಕಕ್ಕೆ ಒರಗಿತ್ತು. ಒಂದು ಲಿವರ್ ಮುಟ್ಟಿದ ಕೂಡಲೇ ಪುಡಿಯಾಯಿತು. ನಿಂತ ಸ್ಪಿರಿಟ್ ಬಣ್ಣವಿಲ್ಲದ ಸಂದಿಯೊಳಗೆ ಇಳಿದು, ಬಿಗುವಾಗಿ ಕೂರಿಸಿದ ಪ್ಲಾಸ್ಟಿಕ್ಕನ್ನು ಸೀಳುತ್ತದೆ. ಎರಡು ವಾರದ ಕೆಲಸ ಹೋದ ಸಂಕಟ ಈಗಲೂ ನೆನಪಿದೆ. ಅಂದಿನಿಂದ ವಾಶ್ ಹಾಕುವಾಗ ಪಕ್ಕದಲ್ಲಿ ಟಿಶ್ಯೂ ಪೇಪರಿನ ಚೂಪು ಸುರುಳಿ ಇಟ್ಟುಕೊಂಡಿರುತ್ತೇನೆ. ಎಲ್ಲಾದರೂ ನಿಂತಿತೋ, ತಕ್ಷಣ ಹೀರಿಸಿ ತೆಗೆಯುವುದು.

ಗೀರು, ಸವೆತ: ಲೋಡರ್ ನಿಂತ ಜಾಗ

ಅಳತೆ ತಲೆಯಲ್ಲಿರಲಿ. 1/35ರಲ್ಲಿ ಒಂದು ಮಿಲಿಮೀಟರ್ ಅಂದರೆ ನಿಜದಲ್ಲಿ ಮೂರೂವರೆ ಸೆಂಟಿಮೀಟರ್. ಕಣ್ಣಿಗೆ ಚಿಕ್ಕದು ಅನಿಸುವ ಒಂದು ಮಿಲಿಮೀಟರ್ ಚುಕ್ಕೆ ಹಾಕಿದರೆ ಗೋಡೆಯಲ್ಲಿ ನಿಂಬೆಹಣ್ಣಿನಷ್ಟು ಬಣ್ಣ ಕಿತ್ತ ಹಾಗಾಯಿತು. ನಿಜವಾಗಿ ಬೇಕಾದದ್ದು ಅದರ ಮೂರನೇ ಒಂದು ಭಾಗ, ಅದಕ್ಕಿಂತ ಕಮ್ಮಿಯಾದರೆ ಇನ್ನೂ ಒಳ್ಳೆಯದು.

ಲೋಡರ್‌ನ ಜಾಗವನ್ನು ನಾನು ಹೇಗೆ ಮಾಡುತ್ತೇನೆ ಎಂದು ಬಿಡಿಸಿ ಹೇಳುತ್ತೇನೆ. ಅವನು ಬಗ್ಗಿ ನೆಲದ ಮುಚ್ಚಳ ಎತ್ತುತ್ತಾನೆ, ಶೆಲ್ ಎಳೆಯುತ್ತಾನೆ, ತಿರುಗಿ ತೋಪಿಗೆ ತುಂಬುತ್ತಾನೆ. ಗುಂಡು ಹಾರಿದ ಮೇಲೆ ಬಿಸಿ ಹಿತ್ತಾಳೆ ಕೊಳವೆ ಟಣ್ಣನೆ ಹಿಂದೆ ಬೀಳುತ್ತದೆ. ಹಾಗಾದರೆ ಗುರುತು ಎಲ್ಲಿ? ಮುಚ್ಚಳದ ಹಿಡಿಯ ಸುತ್ತ. ಮುಚ್ಚಳದ ಅಂಚಿನಲ್ಲಿ. ತೋಪಿನ ಹಿಂದಿನ ರಕ್ಷಣಾ ಕಂಬಿಯ ಎಡಮಗ್ಗುಲಲ್ಲಿ. ಅವನು ಕಾಲು ತಿರುಗಿಸುವ ಒಂದು ಅಂಗೈ ಅಗಲ ನೆಲದಲ್ಲಿ.

ಪಾತ್ರೆ ಉಜ್ಜುವ ಸ್ಪಾಂಜಿನಿಂದ ಕಡಲೆಕಾಳಿನಷ್ಟು ಚೂರನ್ನು ಕತ್ತರಿಯಿಂದ ಕತ್ತರಿಸದೆ ಕಿತ್ತುಕೊಳ್ಳಿ. ಕತ್ತರಿಸಿದರೆ ಅಂಚು ನೇರ ಬರುತ್ತದೆ. ಚಿಮಟದಲ್ಲಿ ಹಿಡಿದು ಮೊದಲು ತಿಳಿ ಬೂದು ಬಣ್ಣಕ್ಕೆ ಅದ್ದಿ, ಕಾಗದಕ್ಕೆ ಒತ್ತಿ ಒತ್ತಿ ಬಹುಪಾಲು ತೆಗೆದು, ಆಮೇಲೆ ಮುಚ್ಚಳದ ಅಂಚಿಗೆ ಮುಟ್ಟಿಸಿ. ಇದು ಮೇಲಿನ ಪದರ ಮಾತ್ರ ಎದ್ದ ಗೀರು. ಒಣಗಿದ ಮೇಲೆ, ಆ ಬೂದು ಚುಕ್ಕೆಗಳಲ್ಲಿ ಕೆಲವಕ್ಕೆ ಮಾತ್ರ, ನಿಜದ ಟ್ಯಾಂಕಿನಲ್ಲಿ ಬಿಳಿಯಡಿ ಇದ್ದ ಕೆಂಗಂದು ಪ್ರೈಮರ್ ಬಣ್ಣವನ್ನು ಮೂರು ಸೊನ್ನೆಯ (000) ಅತಿ ಸಣ್ಣ ಬ್ರಶ್‌ನಿಂದ ಇಡಿ. ಅದರಲ್ಲೂ ಎರಡು ಮೂರಕ್ಕೆ ನಡುವೆ ಗಾಢ ಉಕ್ಕಿನ ಬಣ್ಣ. ಮೂರು ಆಳದ ಗಾಯ ಕಾಣುತ್ತದೆ.

ಕೊನೆಗೆ ಸಾಮಾನ್ಯ 6ಬಿ ಪೆನ್ಸಿಲ್. ಅದರ ಸೀಸವನ್ನು ಎಮರಿ ಹಾಳೆಗೆ ಉಜ್ಜಿ ಪುಡಿ ಮಾಡಿ, ಬೆರಳ ತುದಿಗೆ ತೆಗೆದುಕೊಂಡು ನೆಲದ ಉಬ್ಬುಗಳ ಮೇಲೆ ಮೆಲ್ಲಗೆ ತಿಕ್ಕಿ. ಬೆಳ್ಳಿ ಬಣ್ಣದ ಸೀಸೆ ಕೊಡದ ಹೊಳಪು ಇದು. ಬೂಟಿನಡಿ ಸವೆದ ಕಬ್ಬಿಣ ಹಾಗೇ ಇರುತ್ತದೆ. ಡ್ರೈವರ್ ಪೆಡಲ್, ಲಿವರ್‌ಗಳ ಹಿಡಿ, ತೋಪಿನ ಹಿಂಬಾಗಿಲಿನ ಬರಿ ಉಕ್ಕು, ಎಲ್ಲಕ್ಕೂ ಇದೇ ಪುಡಿ.

ಇನ್ನುಳಿದ ನಾಲ್ವರ ಜಾಗವನ್ನೂ ಹೀಗೇ ಯೋಚಿಸಿ. ಕಮಾಂಡರ್ ಎದ್ದು ನಿಲ್ಲುವಾಗ ಕೈ ಊರುವ ಹ್ಯಾಚ್‌ನ ಅಂಚು. ಗನ್ನರ್ ಬಲಮೊಣಕೈ ತಗುಲುವ ಗೋಡೆ. ಡ್ರೈವರ್ ಸಹಾಯಕನದು ಕಮ್ಮಿ ಬಳಕೆ, ಅಲ್ಲಿ ಕೈ ಬಿಗಿ ಹಿಡಿಯಿರಿ. ಯಾರೂ ಮುಟ್ಟದ ಚಾವಣಿ, ಬದಿಗೋಡೆಯ ಮೇಲ್ಭಾಗ, ಇವನ್ನು ಹಾಗೇ ಬಿಡಿ. ಶುಭ್ರ ಬಿಳಿ ಅಲ್ಲಲ್ಲಿ ಉಳಿದರೇ ಸವೆದ ಜಾಗ ಸವೆದ ಹಾಗೆ ಕಾಣುವುದು.

ಕೈಜಿಡ್ಡು, ಎಣ್ಣೆ

ಮನೆಯ ಸ್ವಿಚ್‌ಬೋರ್ಡ್ ಸುತ್ತ ಗೋಡೆ ನೋಡಿ. ವರ್ಷ ಕಳೆದರೆ ಅಲ್ಲಿ ಒಂದು ತೆಳು ಕಂದು ಮಬ್ಬು. ಅದೇ ಬೇಕು. ರಟ್ಟಿನ ಮೇಲೆ ಉಳಿದ ಆಯಿಲ್ ಬಣ್ಣವನ್ನು ಸೂಜಿಮೊನೆಯಷ್ಟು ತೆಗೆದು ಹಿಡಿಗಳ ಸುತ್ತ, ರೇಡಿಯೋ ಪಕ್ಕ, ಹ್ಯಾಚ್ ಒಳಗೆ ಇಡಿ. ಒಣ ಬ್ರಶ್‌ನಿಂದ ಕುಟ್ಟಿ ಕುಟ್ಟಿ ಹರಡಿ. ಇದೆ ಎಂದು ಗೊತ್ತಾಗಬೇಕು, ಅಂಚು ಕಾಣಬಾರದು.

ಶರ್ಮನ್‌ನ ಗೇರ್‌ಬಾಕ್ಸ್ ಇರುವುದು ಮುಂದೆ, ಡ್ರೈವರ್ ಮತ್ತು ಸಹಾಯಕನ ನಡುವೆ. ಅದರ ಬೋಲ್ಟ್ ಸಾಲಿನ ಕೆಳಗೆ ಎಣ್ಣೆ ಜಿನುಗಲಿ. ಬರ್ನ್ಟ್ ಅಂಬರ್‌ಗೆ ಹೊಳಪು ಎನಾಮೆಲ್ ವಾರ್ನಿಶ್ ಸೇರಿಸಿ ಸಣ್ಣ ಹನಿ ಬಿಡಿ, ಒಂದು ಗೆರೆ ಕೆಳಕ್ಕೆ ಇಳಿಯಲಿ. ಇದರ ಮೇಲೆ ಮತ್ತೆ ಮ್ಯಾಟ್ ವಾರ್ನಿಶ್ ಹೊಡೆಯಬೇಡಿ, ಎಣ್ಣೆ ಸತ್ತುಹೋಗುತ್ತದೆ. ವಾರ್ನಿಶ್ ಬೇಕೆಂದಿದ್ದರೆ ಎಣ್ಣೆಗೆ ಮುಂಚೆ, ಅದೂ ಸ್ಯಾಟಿನ್. ಮ್ಯಾಟ್ ಹೊಡೆದ ಬಿಳಿ ಸುಣ್ಣದ ಗೋಡೆಯ ಹಾಗೆ ಒಣಗಿ ನಿಲ್ಲುತ್ತದೆ.

ಮಣ್ಣು, ಎಲ್ಲಿಯದು?

ಒಳಗಿನ ಮಣ್ಣು ಬೂಟಿಗೆ ಅಂಟಿ ಬಂದದ್ದು. ಹಾಗಾಗಿ ಅದು ಹೊರಗಿನ ಚಕ್ರದ ಮಣ್ಣಿನ ಬಣ್ಣವೇ ಆಗಿರಬೇಕು. 1945ರ ಜನವರಿಯ ಬೆಲ್ಜಿಯಂ ಆದರೆ ಕಪ್ಪಗಿನ ಒದ್ದೆ ಕಂದು, ಪಂಜಾಬಿನ ಗದ್ದೆ ಬಯಲಾದರೆ ತಿಳಿ ಕಂದು ಮೆಕ್ಕಲು. ನಮ್ಮ ಕೆಮ್ಮಣ್ಣು ಎಷ್ಟೇ ಕೈಗೆ ಹತ್ತಿರ ಇದ್ದರೂ ಇವೆರಡಕ್ಕೂ ಹೊಂದುವುದಿಲ್ಲ.

ದುಬಾರಿ ಪಿಗ್ಮೆಂಟ್ ಅಂದರೆ ಬಣ್ಣದ ಪುಡಿ ಸಿಗದಿದ್ದರೆ ಡ್ರೈ ಪೇಸ್ಟಲ್ ಕಡ್ಡಿಯನ್ನು ಎಮರಿ ಹಾಳೆಗೆ ಉಜ್ಜಿ ಪುಡಿ ಮಾಡಿ, ಬಟ್ಟೆಯಲ್ಲಿ ಸೋಸಿ. ಒಣಪುಡಿಯನ್ನೇ ಬ್ರಶ್‌ನಿಂದ ನೆಲದ ಮೂಲೆಗಳಿಗೆ, ಪೆಡಲ್ ಕೆಳಗೆ, ಸೀಟಿನ ನಡುವೆ, ಹ್ಯಾಚ್‌ನ ನೇರ ಕೆಳಗಿನ ಜಾಗಕ್ಕೆ ಹಾಕಿ. ಡ್ರಾಪರ್‌ನಿಂದ ಒಂದೊಂದೇ ಹನಿ ವೈಟ್ ಸ್ಪಿರಿಟ್ ಪಕ್ಕದಲ್ಲಿ ಬಿಟ್ಟರೆ ತಾನೇ ಹೀರಿ ಕೂರುತ್ತದೆ. ಒಣಗಿದ ಮೇಲೆ ಜನ ನಡೆಯುವ ದಾರಿಯಲ್ಲಿ ಬೆರಳಿನಿಂದ ಒರೆಸಿ ತೆಗೆಯಿರಿ. ಮಣ್ಣು ಮೂಲೆಯಲ್ಲಿ ಉಳಿಯುತ್ತದೆ, ಉಬ್ಬಿನ ಮೇಲೆ ಪೆನ್ಸಿಲ್ ಹೊಳಪು ಮತ್ತೆ ಕಾಣುತ್ತದೆ. ಗೋಡೆಯಲ್ಲಿ ಮೊಣಕಾಲಿಗಿಂತ ಮೇಲೆ ಮಣ್ಣು ಬೇಡ. ಮಾಡೆಲ್‌ನಲ್ಲಿ ಅದು ಹೆಚ್ಚೆಂದರೆ ಒಂದೂವರೆ ಸೆಂಟಿಮೀಟರ್ ಎತ್ತರ.

ಇದ್ದವರ ಸಾಮಾನು

ಕ್ಯಾಂಟೀನ್ ಬಾಟಲಿ, ಮಡಚಿದ ನಕ್ಷೆ, ಹೆಡ್‌ಫೋನ್, ಒಂದು ಕಂಬಳಿ. ನಕ್ಷೆಗೆ ಕಾಗದವನ್ನು ಹಿಂದಿನಿಂದ ಎಮರಿಯಲ್ಲಿ ಉಜ್ಜಿ ತೆಳು ಮಾಡಿದರೆ ಮಡಿಕೆ ಸಹಜವಾಗಿ ಬರುತ್ತದೆ. ಟಿಶ್ಯೂ ಪೇಪರನ್ನು ನೀರು ಬೆರೆಸಿದ ಫೆವಿಕಾಲ್‌ನಲ್ಲಿ ಅದ್ದಿದರೆ ಕಂಬಳಿ ರೆಡಿ. ಮೂರು ನಾಲ್ಕು ವಸ್ತು ಸಾಕು. ನೆಲದ ಮೇಲೆ ಎರಡು ಖಾಲಿ ಹಿತ್ತಾಳೆ ಕೊಳವೆ ಉರುಳಿಸಿದರೆ ಚೆನ್ನ. ಅವುಗಳ ಬಾಯಿಯ ಒಳಗೆ ಪೆನ್ಸಿಲ್ ಪುಡಿಯ ಮಸಿ ಹಚ್ಚುವುದನ್ನು ಮರೆಯಬೇಡಿ.

ಮುಚ್ಚುವ ಮುಂಚೆ

ಒಣ ಮೆತ್ತನೆಯ ಬ್ರಶ್‌ನಿಂದ ಸಡಿಲ ಪುಡಿ ತೆಗೆದು, ಹಲ್ ಅನ್ನು ಬೋರಲು ಮಾಡಿ ಹಿಂಬದಿಗೆ ಬೆರಳಿನಿಂದ ತಟ್ಟಿ. ಏನಾದರೂ ಗಲಗಲ ಅಂದರೆ ಈಗಲೇ ಹುಡುಕಿ ಅಂಟಿಸಿ. ಪೆರಿಸ್ಕೋಪ್ ಗಾಜುಗಳಿಗೆ ಒಂದೊಂದು ಕೋಟ್ ಹೊಳಪು ವಾರ್ನಿಶ್. ಮತ್ತೊಮ್ಮೆ ಟೇಪಿನಿಂದ ಚಾವಣಿ ಕೂರಿಸಿ, ಮೊದಲ ದಿನ ಮಾಡಿದ ಹಾಗೆ ಟಾರ್ಚ್ ಬಿಟ್ಟು ನೋಡಿ. ಹ್ಯಾಚ್‌ನ ಸಂದಿಯಿಂದ ಬರಿ ಪ್ಲಾಸ್ಟಿಕ್ ಎಲ್ಲಾದರೂ ಕಂಡರೆ ಅಲ್ಲಿಗೆ ಒಂದು ಹನಿ ಬಿಳಿ ಮುಟ್ಟಿಸಿ.

ಚಾವಣಿಗೆ ಗೋಂದು ಹಾಕುವುದೇ ಆದರೆ ಟಮಿಯಾದ ತೆಳು ಗೋಂದನ್ನು ಹೊರಗಿನ ಸಂದಿಗೆ ಮಾತ್ರ ಮುಟ್ಟಿಸಿ. ಸೂಪರ್‌ಗ್ಲೂ ಬೇಡ, ಅದರ ಆವಿ ಒಳಗೆ ಸಿಕ್ಕಿಕೊಂಡು ಗಾಜಿನ ಮೇಲೆ ಬೆಳ್ಳಗೆ ಕೂರುತ್ತದೆ. ಟರೆಟ್ ಸುಮ್ನೆ ಕೂರಿಸಿ, ಅಂಟಿಸಬೇಡಿ. ಹೊರಮೈಗೆ ಬಣ್ಣ ಹೊಡೆಯುವಾಗ ಪ್ರತಿ ಹ್ಯಾಚ್‌ನ ಬಾಯಿಗೂ ತೇವದ ಸ್ಪಾಂಜ್ ತುರುಕಿ, ಅಂಚಿಗೆ ಟೇಪ್ ಹಾಕಿ. ಆಲಿವ್ ಡ್ರ್ಯಾಬ್ ಒಣಗಿದ ಮೇಲೆ ಸ್ಪಾಂಜನ್ನು ಚಿಮಟದಿಂದ ನೇರ ಮೇಲಕ್ಕೆ ಎತ್ತಿ, ಪಕ್ಕಕ್ಕೆ ಎಳೆಯಬೇಡಿ. ಡ್ರೈವರ್ ಸೀಟಿನ ಮಣ್ಣು ಹಾಗೇ ಇರಬೇಕು.